ನಿರ್ಮಾಲ್ಯವೂ ನದಿಯೂ

ಕಾರ್ತಿಕಸ್ನಾನಕ್ಕೆಂದು ಅರಭಾವಿಯಿಂದ ಘಟಪ್ರಭೆಯ ದಂಡೆಗೆ ಹೋಗಿದ್ದ ಒಂದು ಪ್ರಾತಃಕಾಲ, ನಮ್ಮೊಡನಿದ್ದ ವೃದ್ಧ ಮಾತೆಯೊಬ್ಬರು ವಾರದ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲಸಹಿತವಾಗಿ ನೀರಿಗೆ ಬಿಟ್ಟರು. ಚೀಲವನ್ನಾದರೂ ತೆಗೆಯಬಹುದಿತ್ತಲ್ಲ ಎಂದು ನಾವು ಅಳುಕುತ್ತ ಅರಿಕೆ ಮಾಡಿದೆವು. ಅವರು ನಕ್ಕು, "ಗಂಗವ್ವಗ ಎಲ್ಲಿ ಮೈಲಿಗಿಯೋ ತಮ್ಮಾ?" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಅರ್ಚಕರ ಮನೆಯಲ್ಲಿ ಹುಟ್ಟಿದ ನಾವೂ ಬಾಲ್ಯದಲ್ಲಿ ತಂದೆಯವರ ಆಜ್ಞೆಯಂತೆ ನಿರ್ಮಾಲ್ಯದ ಬುಟ್ಟಿಯನ್ನು ಕಾಲುವೆಗೆ ಹೊತ್ತವರೇ.

ಆ ತಾಯಿಯ ಮಾತಿನಲ್ಲಿ ಭಕ್ತಿಯಿದೆ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಶ್ರೀಮದಾಚಾರ್ಯರು ಜಗತ್ತು ಸತ್ಯವೆಂದೂ ಪಂಚಭೇದವು ಸತ್ಯವೆಂದೂ ಉಪದೇಶಿಸಿದ್ದಾರೆ. ನದಿಯ ಅಭಿಮಾನಿದೇವತೆ ಚೇತನಳು. ಹರಿಯುವ ನೀರು ಜಡ. ದೇವತೆಗೆ ಮಾಲಿನ್ಯವಿಲ್ಲವೆಂಬುದು ನಿಶ್ಚಯ. ನೀರಿಗೆ ಮಾಲಿನ್ಯವುಂಟೆಂಬುದು ಪ್ರತ್ಯಕ್ಷಸಿದ್ಧ. ಪ್ರತ್ಯಕ್ಷವೂ ನಮಗೆ ಪ್ರಮಾಣವೇ. ದೇವತೆಯ ಪಾವಿತ್ರ್ಯವನ್ನು ಜಡಜಲದ ಮೇಲೆ ಆರೋಪಿಸಿ ನಿಶ್ಚಿಂತರಾದರೆ ಚೇತನ-ಜಡಗಳ ಭೇದವನ್ನೇ ಮರೆತಂತಾಗುವುದಿಲ್ಲವೇ? ಗಂಗೆಗಿಂತ ಅಧಿಕವಾಗಿ ಪೂಜೆಗೊಂಡ ನದಿ ಈ ದೇಶದಲ್ಲಿಲ್ಲ. ಆದರೂ ಅದರ ನೀರನ್ನು ಶುದ್ಧಗೊಳಿಸಲು ಭಾರತ ಸರ್ಕಾರವು 1986ರಲ್ಲಿ ಯೋಜನೆಯೊಂದನ್ನು ಆರಂಭಿಸಬೇಕಾಯಿತು. ಪೂಜೆ ಕಡಮೆಯಾಗಿ ಹಾಗಾದದ್ದಲ್ಲ.

ಪೂರ್ವಿಕರು ಇದನ್ನು ಅರಿಯದವರಲ್ಲ. ನೀರಿನಲ್ಲಿ ಮಲಮೂತ್ರ ವಿಸರ್ಜಿಸಬಾರದು, ಉಗುಳಬಾರದು ಎಂದು ತೈತ್ತಿರೀಯ ಆರಣ್ಯಕವು ವಿಧಿಸಿದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಈ ನಿಷೇಧಕ್ಕೆ ಅಶುಚಿ ಲೇಪಿಸಿದ ವಸ್ತು, ರಕ್ತ ಮತ್ತು ವಿಷಗಳನ್ನೂ ಸೇರಿಸಿದೆ. ವಿಷವೆಂಬ ಆ ಒಂದು ಪದದಲ್ಲಿ ಇಂದಿನ ಕಾರ್ಖಾನೆಯ ಹೊಲಸು ನೀರೂ ಹೊಲದ ಕೀಟನಾಶಕವೂ ಅಡಗಿವೆ. ಸಂಸತ್ತು ಜಲಮಾಲಿನ್ಯ ನಿವಾರಣೆಯ ಕಾಯಿದೆಯನ್ನು ಮಾಡಿದ್ದು 1974ರಲ್ಲಿ. ಆಸ್ತಿಕರಿಗಂತೂ ಆ ಕಟ್ಟಳೆ ಹೊಸದಲ್ಲ.

ಪಟ್ಟಣಗಳ ಚರಂಡಿಯ ಮುಂದೆ ನಮ್ಮ ಹಿಡಿ ಹೂವು ಎಷ್ಟರದು ಎಂದು ಕೇಳುವವರುಂಟು. ಲೆಕ್ಕದಲ್ಲಿ ಅದು ಸರಿ. ಆದರೆ ಜೀವಜೀವರಿಗೂ ಭೇದವುಂಟಷ್ಟೆ! ನೆರೆಯವನ ದೋಷ ದೊಡ್ಡದೆಂದ ಮಾತ್ರಕ್ಕೆ ನಮ್ಮದು ಕರಗದು. ಅಲ್ಲದೆ ಹಿಂದೆ ಹೂವನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಅದು ಹೂವಿನೊಡನೆ ಕೊಳೆಯುತ್ತಿತ್ತು. ಈಗ ಪೇಟೆಯ ಮಾಲೆಗಳಲ್ಲಿ ಪ್ಲಾಸ್ಟಿಕ್ ದಾರವೂ ಜರಿಯೂ ಬರುತ್ತವೆ, ಅವು ಕೊಳೆಯುವುದಿಲ್ಲ. ಇನ್ನು ಕೊಳೆಯುವ ಹೂವೂ ನಿಂತ ನೀರಿನಲ್ಲಿ ರಾಶಿಬಿದ್ದರೆ ನೀರಿನೊಳಗಿನ ಪ್ರಾಣವಾಯುವನ್ನು ಹೀರಿ ಮೀನುಗಳ ಉಸಿರುಗಟ್ಟಿಸುತ್ತದೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಹೊಲದಲ್ಲಿದೆ. ಹಿಡಕಲ್ಲಿನಲ್ಲಿ ನಿಂತ ನೀರು ಧೂಪದಾಳದಿಂದ ಕಾಲುವೆಯಾಗಿ ಬಂದು ನಮ್ಮ ಸೀಮೆಗೆ ಕಬ್ಬನ್ನೂ ಅನ್ನವನ್ನೂ ಕೊಟ್ಟಿತು. ಅದನ್ನೇ ಮಿತಿಯಿಲ್ಲದೆ ಹಾಯಿಸಿದ್ದರಿಂದ ಕಾಲುವೆಯ ಕೆಳಗಿನ ಎಷ್ಟೋ ಭೂಮಿ ಸವಳು-ಜವಳಾಯಿತು. ದೇವತೆಗಳು ಕೊಟ್ಟುದನ್ನು ಅವರಿಗೆ ಅರ್ಪಿಸದೆ ಉಣ್ಣುವವನು ಕಳ್ಳನೆಂದು ಗೀತೆಯ ಮೂರನೆಯ ಅಧ್ಯಾಯ ಹೇಳುತ್ತದೆ. ಕೆಳಗಿನ ರೈತನ ಪಾಲಿನ ನೀರನ್ನೂ ಮುಂದಿನ ಪೀಳಿಗೆಯ ಮಣ್ಣನ್ನೂ ಉಂಡವನನ್ನು ಏನೆಂದು ಕರೆಯೋಣ? ಕಬ್ಬಿನ ಹೊಲವುಳ್ಳ ಮನೆಗಳಲ್ಲಿ ಈ ಮಾತು ಪ್ರಿಯವಾಗದು. ನಮ್ಮ ಬಂಧುಗಳಲ್ಲಿಯೂ ಅಂಥ ಮನೆಗಳಿವೆ.

ಆ ತಾಯಿಯ ನಿಜವಾದ ಭಯ ನಮಗೆ ತಡವಾಗಿ ತಿಳಿಯಿತು. ದೇವರ ಮುಡಿಯಿಂದಿಳಿದ ಹೂವು ಯಾರ ಕಾಲಿಗೂ ಸಿಕ್ಕಬಾರದು ಎಂಬುದಷ್ಟೇ ಅವರ ಚಿಂತೆಯಾಗಿತ್ತು. ಕಳೆದ ಕಾರ್ತಿಕದಲ್ಲಿ ನಮ್ಮ ಹಿತ್ತಲಿನ ಮೂಲೆಯಲ್ಲಿ ಗುಂಡಿ ತೋಡಿ ಸುತ್ತ ಬೇಲಿ ಕಟ್ಟಿಸಿದೆವು. ಅವರು ಬಂದು ಮೊದಲು ಬೇಲಿಯನ್ನು ಅಲುಗಿಸಿ ನೋಡಿದರು. ಬಳಿಕ ದಾರವನ್ನು ಬಿಡಿಸಿ ನಮ್ಮ ಕೈಗಿತ್ತು, ಹೂವನ್ನು ಮಾತ್ರ ಗುಂಡಿಗೆ ಹಾಕಿ, ಚೀಲವನ್ನು ತೊಳೆದು ಮನೆಗೊಯ್ದರು.