ಉಸಿರಿಗೆ ಮಡಿಯಿಲ್ಲ

ಮಡಿ-ಮೈಲಿಗೆಯ ಲೆಕ್ಕವನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಯಾರನ್ನು ಮುಟ್ಟಬಾರದು, ಯಾರು ಮುಟ್ಟಿದ್ದನ್ನು ಒಳಗೆ ತರಬಾರದು ಎಂಬುದು ಅಡುಗೆಮನೆಯ ಮೊದಲ ಪಾಠ. ಅದಕ್ಕೇ ಇರಬೇಕು, 2020ರಲ್ಲಿ ಕೊರೋನಾ ಬಂದಾಗ ಅದು ಮುಟ್ಟಿದರೆ ಅಂಟುತ್ತದೆ ಎಂಬ ಮಾತು ನಮ್ಮ ಅಂಕೋಲೆ, ಕಾರವಾರಗಳಲ್ಲಿ ಬಲುಬೇಗ ನಾಟಿತು. ಹಾಲಿನ ಪೊಟ್ಟಣ ತೊಳೆದದ್ದಾಯಿತು, ಬಾಗಿಲ ಚಿಲಕ ಒರೆಸಿದ್ದಾಯಿತು, ಮೀನಿನ ಬುಟ್ಟಿ ಹೊತ್ತು ಬಂದವಳನ್ನು ಬೇಲಿಯಾಚೆಯೇ ನಿಲ್ಲಿಸಿದ್ದೂ ಆಯಿತು.

ಗಾಳಿಯ ಮಾತು ನಾಟಲು ಮಾತ್ರ ತಡವಾಯಿತು. ನಮ್ಮನ್ನೇಕೆ ಅನ್ನಬೇಕು, ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ ಇದು ಗಾಳಿಯಿಂದ ಹರಡುವುದಲ್ಲ ಎಂದು ಸಾರಿ, 2021ರಲ್ಲಿ ಮಾತು ಬದಲಿಸಬೇಕಾಯಿತು. ಕೆಮ್ಮಿದಾಗ ಮಾತ್ರವಲ್ಲ, ಮಾತಾಡಿದಾಗ, ಹಾಡಿದಾಗ, ಸುಮ್ಮನೆ ಉಸಿರು ಬಿಟ್ಟಾಗಲೂ ಕಣ್ಣಿಗೆ ಕಾಣದ ಹನಿಗಳು ಹೊರಬೀಳುತ್ತವೆ. ದೊಡ್ಡವು ನೆಲಕ್ಕಿಳಿಯುತ್ತವೆ, ಸಣ್ಣವು ದೇವರ ಕೋಣೆಯ ಊದುಬತ್ತಿ ಹೊಗೆಯಂತೆ ತೇಲುತ್ತ ಮೂಲೆಮೂಲೆಗೂ ಸೇರುತ್ತವೆ. ದಡಾರದ ವೈರಾಣು ಹೀಗೆ ಎರಡು ಗಂಟೆಯವರೆಗೂ ಗಾಳಿಯಲ್ಲಿ ಉಳಿಯಬಲ್ಲದು. ಹೊಗೆಗೆ ಏನು ಮದ್ದೋ ಇದಕ್ಕೂ ಮೊದಲ ಮದ್ದು ಅದೇ: ಕಿಟಕಿ ತೆರೆಯುವುದು.

ಧರ್ಮಸೂಕ್ಷ್ಮ ಇರುವುದು ಇಲ್ಲಿಯೇ. ಮುಟ್ಟದೆ ದೂರವಿರುವುದು ಸುಲಭ. ಉಸಿರಾಡದೆ ಇರಲು ಯಾರಿಂದಾದೀತು? ಆಷಾಢದ ಮಳೆಯಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಹೊರಟ ಬಸ್ಸನ್ನು ನೋಡಿ. ಸೆರಗು ನೆನೆದೀತೆಂದು ಎಲ್ಲರೂ ಕಿಟಕಿ ಎಳೆದುಕೊಳ್ಳುತ್ತೇವೆ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಒಳಗೆಳೆದುಕೊಳ್ಳುತ್ತ ಕೂರುತ್ತೇವೆ, ಜಾತಿ ಕೇಳದೆ. ಕಿಟಕಿ ನನ್ನದು ಸರಿ, ಗಾಳಿ ನನ್ನೊಬ್ಬಳದೇ?

ಕೆಮ್ಮುವವರು ಮನೆಯಲ್ಲಿರಲಿ ಎನ್ನುತ್ತೇವೆ. ನನ್ನಂಥ ಶಿಕ್ಷಕಿಗೆ ರಜೆಯಿದೆ. ಮೀನು ಮಾರುವವಳಿಗೆ ಒಂದು ದಿನ ತಪ್ಪಿದರೆ ಒಲೆ ಉರಿಯದು. ಆದ್ದರಿಂದ ರಜೆ ಇದ್ದವರ ಹೊಣೆಯೇ ಹೆಚ್ಚಿನದು. ನೆಗಡಿಯಿದ್ದಾಗ ಮದುವೆಮನೆಗೆ ಹೋಗದಿರುವುದು, ಹೋಗಲೇಬೇಕಾದರೆ ಮೂಗು ಬಾಯಿ ಎರಡನ್ನೂ ಮುಚ್ಚುವಂತೆ ಮಾಸ್ಕ್ ಹಾಕಿಕೊಳ್ಳುವುದು, ಇಷ್ಟಾದರೂ ನಮ್ಮ ಕೈಯಲ್ಲಿದೆ.

ಆದರೆ ಎಚ್ಚರವೆಂದರೆ ಹೇಸಿಗೆಯಲ್ಲ. 2020ರಲ್ಲಿ ಭಟ್ಕಳದ ಕೊರೋನಾ ರೋಗಿಗಳಿಗೆ ಕಾರವಾರದ ನೌಕಾದಳದ ಪತಂಜಲಿ ಆಸ್ಪತ್ರೆಯಲ್ಲಿ ಆರೈಕೆ ನಡೆಯಿತು. ಇಂಥ ಕಡೆ ದಾದಿಯರು ಮಾಸ್ಕ್ ಹಾಕುವುದು ರೋಗಿಯ ಹತ್ತಿರ ಹೋಗಲಿಕ್ಕೆ, ದೂರ ಸರಿಯಲಿಕ್ಕಲ್ಲ. ತರಗತಿಯಲ್ಲಿ ಮಗುವೊಂದು ಕೆಮ್ಮಿದರೆ ಅದನ್ನು ಮೂಲೆಗೆ ಕಳಿಸಬಹುದು, ಕಿಟಕಿಗಳನ್ನೆಲ್ಲ ತೆರೆಯಲೂಬಹುದು. ಎರಡರಲ್ಲೂ ಉಳಿದ ಮಕ್ಕಳನ್ನು ಕಾಯುವ ಆಸೆಯೇ ಇದೆ. ಎರಡನೆಯದರಲ್ಲಿ ಕೆಮ್ಮುವ ಮಗುವೂ ಲೆಕ್ಕಕ್ಕೆ ಬರುತ್ತದೆ.