ತುರ್ಸುನ್: ಹೆಸರಾಗಿ ಉಳಿದ ಪ್ರಾರ್ಥನೆ

ಮಗುವಿಗೆ ಹೆಸರಿಡುವಾಗ ನೀವು ಏನನ್ನು ಬಯಸುತ್ತೀರಿ? ಕರೆಯಲು ಇಂಪಾಗಿರಬೇಕು, ಅರ್ಥವೂ ಒಳ್ಳೆಯದಿರಬೇಕು, ಅಲ್ಲವೇ?

ಉಜ್ಬೇಕಿಸ್ತಾನದ ಮುಸ್ಲಿಮರು ಗಂಡುಮಕ್ಕಳಿಗೆ ಇಡುತ್ತ ಬಂದಿರುವ ಹೆಸರುಗಳಲ್ಲಿ ತುರ್ಸುನ್ ಒಂದು. ಅದು ಅರಬಿ ಪದವಲ್ಲ, ತುರ್ಕಿ ಮೂಲದ್ದು. 'ತುರ್' ಎಂದರೆ ನಿಲ್ಲು, ಉಳಿ. ಅದಕ್ಕೆ 'ಸುನ್' ಸೇರಿದರೆ 'ಉಳಿಯಲಿ' ಎಂದಾಗುತ್ತದೆ. ಎಳೆಗೂಸುಗಳನ್ನು ಮಣ್ಣಿಗೆ ಕೊಟ್ಟು ಬಂದ ತಂದೆತಾಯಿ ಮುಂದಿನ ಮಗುವಿಗೆ ಇಡುತ್ತಿದ್ದ ಹೆಸರದು. ರಷ್ಯನ್ ಪದ್ಧತಿಯ ಮನೆತನದ ಹೆಸರುಗಳು ಬಂದಾಗ ಅದೇ 'ತುರ್ಸುನೋವ್' ಆಯಿತು. ಒಬ್ಬ ತಾಯಿಯ ಮೊರೆ ಇಡೀ ವಂಶದ ಗುರುತಾಯಿತು!

ಆದರೆ ಆಲೋಚಿಸಿರಿ. 'ಉಳಿಯಲಿ' ಎಂದು ಕೇಳುವುದು ಯಾರೊಡನೆ? ಜೀವ ಕೊಟ್ಟ ಅಲ್ಲಾಹನೊಡನೆ ಎಂದಾದರೆ ಅದು ಪ್ರಾರ್ಥನೆ. ಆ ಶಬ್ದವೇ ಮರಣವನ್ನು ತಡೆಯುತ್ತದೆಂದು ನಂಬಿದರೆ ಅದು ಕೊರಳಿಗೆ ಕಟ್ಟಿದ ತಾಯಿತಕ್ಕಿಂತ ಬೇರೆಯಲ್ಲ.

ಒಳ್ಳೆಯ ಹೆಸರನ್ನು ಪ್ರವಾದಿವರ್ಯರು(ಸ) ಮೆಚ್ಚುತ್ತಿದ್ದರು. 'ಒರಟು' ಎಂಬರ್ಥದ ಹಝ್ನ್ ಎಂಬ ಹೆಸರಿನವರಿಗೆ 'ಸುಲಭ' ಎಂಬರ್ಥದ ಸಹ್ಲ್ ಎಂಬ ಹೆಸರನ್ನು ಸೂಚಿಸಿದರು. ಆದರೆ ಹೆಸರು ಆಯುಷ್ಯವನ್ನು ಕೊಡುತ್ತದೆಂದು ಅವರು ಕಲಿಸಲಿಲ್ಲ. ತಮ್ಮ ಮಗನಿಗೆ ಇಬ್ರಾಹೀಮ್ ಎಂದು ಮಹಾನ್ ಪ್ರವಾದಿಯ ಹೆಸರನ್ನೇ ಇಟ್ಟರು. ಆ ಕಂದ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಅವರ ಕಣ್ಣು ತೇವಗೊಂಡಿತು, ನಾಲಗೆ ಮಾತ್ರ ಪ್ರಭು ಮೆಚ್ಚದ ಮಾತನ್ನಾಡಲಿಲ್ಲ. ಅಂದು ಸೂರ್ಯಗ್ರಹಣವಾಯಿತು. ಮಗುವಿನ ಸಾವೇ ಅದಕ್ಕೆ ಕಾರಣವೆಂದು ಜನರು ಹೇಳಿದಾಗ, ಯಾರ ಸಾವಿಗೂ ಗ್ರಹಣವಾಗುವುದಿಲ್ಲವೆಂದು ತಿದ್ದಿದರು. ಈ ವೃತ್ತಾಂತಗಳನ್ನು ಸಂಗ್ರಹಿಸಿದ ಇಮಾಮ್ ಬುಖಾರಿ(ರ) 810ರಲ್ಲಿ ಹುಟ್ಟಿದ್ದು ಇಂದಿನ ಉಜ್ಬೇಕಿಸ್ತಾನದ ಬುಖಾರಾದಲ್ಲೇ.

ನಮ್ಮಲ್ಲೂ ಮಗು ಪದೇ ಪದೇ ಕಾಯಿಲೆ ಬಿದ್ದರೆ "ಹೆಸರು ಭಾರವಾಯಿತು, ಬದಲಾಯಿಸಿ" ಎನ್ನುವವರಿದ್ದಾರೆ. ಮಗು ತೀರಿಕೊಂಡರಂತೂ ಹೆಸರಿಟ್ಟ ತಾಯಿಯನ್ನೇ ಚುಚ್ಚುತ್ತಾರೆ. ಸಹೋದರರೇ, ಇದು ಅಜ್ಞಾನ ಮಾತ್ರವಲ್ಲ, ನೊಂದ ಜೀವದ ಮೇಲಿನ ಅನ್ಯಾಯವೂ ಹೌದು. ಜೀವ ಕೊಡುವವನೂ ಮರಳಿ ಪಡೆಯುವವನೂ ಅಲ್ಲಾಹನೇ ಎಂದು ನಂಬುವವರು ಒಂದು ಹೆಸರಿನ ಮೇಲೆ ಸಾವಿನ ಹೊಣೆ ಹೊರಿಸುವುದೆಂತು?

ಆದ್ದರಿಂದ ಅರ್ಥವುಳ್ಳ ಹೆಸರನ್ನಿಡಿರಿ, ಅದನ್ನು ಪ್ರಾರ್ಥನೆಯೆಂದೇ ತಿಳಿಯಿರಿ. ಮಗುವಿಗೆ ಹಾಲು, ಲಸಿಕೆ, ಔಷಧಿ ತಪ್ಪಿಸಬೇಡಿರಿ. ಅದು ನಿಮ್ಮ ಕರ್ತವ್ಯ. ಉಳಿಸುವುದು ಅವನ ಇಚ್ಛೆ. ನೂರು ವರ್ಷ ಬಾಳಿದ ತುರ್ಸುನ್‌ನೂ ಒಂದು ದಿನ ಹೊರಡಲೇಬೇಕು. ಅವನ ಹಿಂದೆ ಉಳಿಯುವುದು ಅವನ ಸತ್ಕರ್ಮ ಮಾತ್ರ. ನಮ್ಮ ಮಕ್ಕಳಿಗಾಗಿ ನಾವು ಬೇಡಬೇಕಾದ ಉಳಿವು ಅದೇ ಅಲ್ಲವೇ?