ಖಾಲಿ ಎನ್ನುವ ಮಾತು

ಹೋದ ವರ್ಷ ಸಂಕ್ರಾಂತಿಗೆ ಮುಂಚೆ ಅಣ್ಣ ಊರಿನಿಂದ ಬಂದ. ಒಂದು ಕೈಯಲ್ಲಿ ಸೊಗಡಿನ ಅವರೆಕಾಯಿ ಚೀಲ, ಇನ್ನೊಂದರಲ್ಲಿ ಒಂದು ಫೈಲು. ಚೀಲ ನನ್ನ ಅಡುಗೆಮನೆಗೆ, ಫೈಲು ನನ್ನ ಸಹಿಗೆ. ಹೊಸದುರ್ಗದ ಕಡೆ ನಮ್ಮದು ಪಿತ್ರಾರ್ಜಿತ ಹೊಲ ಒಂದಿಷ್ಟಿದೆ. ಅದರಲ್ಲಿ ಗುಡ್ಡದ ಬುಡದ ಆರು ಎಕರೆ ಬಹಳ ವರ್ಷಗಳಿಂದ ಬೀಳು ಬಿದ್ದಿದೆ. ಬಿಸಿಲಿನಿಂದ ಕರೆಂಟು ಮಾಡುವ ಯಾವುದೋ ಕಂಪನಿಯವರು ಅದನ್ನು ಮೂವತ್ತು ವರ್ಷಕ್ಕೆ ಗುತ್ತಿಗೆ ಕೇಳಿದ್ದರು. 2005ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಹೆಣ್ಣುಮಕ್ಕಳಿಗೂ ಸಮಪಾಲು ಸಿಕ್ಕಿರುವುದರಿಂದ ನನ್ನ ಸಹಿ ಇಲ್ಲದೆ ಕಾಗದ ಮುಂದಕ್ಕೆ ಹೋಗುವಂತಿರಲಿಲ್ಲ.

"ಖಾಲಿ ಬಿದ್ದಿರೋ ಜಾಗ ಕಣೇ. ಯಾರಿಗೇನು ನಷ್ಟ? ಇಲ್ಲೊಂದು ಸಹಿ ಹಾಕು, ಸಾಕು" ಎಂದ ಅಣ್ಣ.

ಪೆನ್ನು ತೆಗೆದುಕೊಂಡೆ. ಆದರೆ ಆ 'ಖಾಲಿ' ಎನ್ನುವ ಮಾತು ಅನ್ನದೊಳಗಿನ ಕಲ್ಲಿನ ಹಾಗೆ ಹಲ್ಲಿಗೆ ಸಿಕ್ಕಿತು. ಯಾಕೆಂದರೆ ಆ ಮಾತನ್ನು ನಾನೂ ಒಮ್ಮೆ ಬಹಳ ಹೆಮ್ಮೆಯಿಂದ ಆಡಿದ್ದೆ. ಆರು ಎಕರೆಯ ಬಗ್ಗೆ ಅಲ್ಲ, ಆಫ್ರಿಕಾದ ಸುಮಾರು ಎರಡೂವರೆ ಲಕ್ಷ ಎಕರೆಯ ಬಗ್ಗೆ.

ಅದು 2010ರ ಸುಮಾರು. ಬೆಂಗಳೂರಿನ ಕರುತುರಿ ಗ್ಲೋಬಲ್ ಎಂಬ ಕಂಪನಿ, ಗುಲಾಬಿ ಬೆಳೆದು ಪರದೇಶಗಳಿಗೆ ಮಾರುವುದರಲ್ಲಿ ಹೆಸರಾದದ್ದು, ಇಥಿಯೋಪಿಯಾದ ಗಂಬೆಲ್ಲಾ ಪ್ರಾಂತ್ಯದಲ್ಲಿ ಒಂದು ಲಕ್ಷ ಹೆಕ್ಟೇರ್ ಜಮೀನನ್ನು ಐವತ್ತು ವರ್ಷಕ್ಕೆ ಗುತ್ತಿಗೆ ಪಡೆದಿತ್ತು. ಕೆಲಸ ಚೆನ್ನಾಗಿ ನಡೆದರೆ ಇನ್ನೂ ಎರಡು ಲಕ್ಷ ಹೆಕ್ಟೇರ್ ಸಿಗುವ ಮಾತಿತ್ತು. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್. ಆಗಿನ ನಮ್ಮ ದುಡ್ಡಿಗೆ ಇಳಿಸಿದರೆ ಎಕರೆಗೆ ಇಪ್ಪತ್ತೆರಡು ರೂಪಾಯಿಯ ಆಸುಪಾಸು. ವರ್ಷಕ್ಕೆ ಒಂದು ಎಕರೆಯ ಬಾಡಿಗೆ, ಹಬ್ಬದ ದಿನ ನಾನು ದೇವರಿಗೆ ಕೊಳ್ಳುವ ಹೂವಿನ ಲೆಕ್ಕಕ್ಕೂ ಬರುವುದಿಲ್ಲ.

ಆ ದಿನ ಅದೊಂದೂ ನನಗೆ ಹೊಳೆಯಲಿಲ್ಲ. ಪಕ್ಕದ ಮನೆಯ ಟೀಚರಮ್ಮನವರ ಹತ್ತಿರ ಹೋಗಿ, "ನೋಡಿ, ಒಂದು ಕಾಲಕ್ಕೆ ಪರದೇಶದೋರು ಬಂದು ನಮ್ಮನ್ನ ಆಳಿದ್ರು. ಈಗ ನಮ್ಮೋರೇ ಹೋಗಿ ಆಫ್ರಿಕಾದಲ್ಲಿ ಬೇಸಾಯ ಮಾಡ್ತಾರಂತೆ. ಅಲ್ಲಿ ನೆಲ ಖಾಲಿ ಬಿದ್ದಿದೆಯಂತೆ" ಎಂದೆ. ಟೀಚರಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಖಾಲಿ ಇದೆ ಅಂತ ಯಾರು ಹೇಳಿದ್ದು? ಅಲ್ಲಿರೋರೋ, ಇಲ್ಲಿಂದ ಹೋದೋರೋ?" ಎಂದರು. ನಾನು ನಕ್ಕು ಸುಮ್ಮನಾದೆ. ಅದಕ್ಕೆ ಉತ್ತರ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಗಂಬೆಲ್ಲಾ ಇಥಿಯೋಪಿಯಾದ ಪಶ್ಚಿಮದ ಅಂಚು, ದಕ್ಷಿಣ ಸುಡಾನಿನ ಪಕ್ಕ. ಬಾರೋ ಎಂಬ ನದಿ ಹರಿಯುತ್ತದೆ. ಅಲ್ಲಿನ ಅನುವಾಕ್ ಜನ ಒಂದು ತುಂಡು ನೆಲ ಹಸನು ಮಾಡಿ ಜೋಳ, ಮೆಕ್ಕೆಜೋಳ ಹಾಕುತ್ತಾರೆ. ಕೆಲವು ವರ್ಷ ಬೆಳೆದ ಮೇಲೆ ಅದನ್ನು ಬೀಳು ಬಿಟ್ಟು ಬೇರೆ ತುಂಡಿಗೆ ಹೋಗುತ್ತಾರೆ. ನೆಲ ಮತ್ತೆ ಕಸುವು ತುಂಬಿಕೊಂಡಾಗ ತಿರುಗಿ ಬರುತ್ತಾರೆ. ಹೊಳೆಯಲ್ಲಿ ಮೀನು, ಕಾಡಿನಲ್ಲಿ ಹಣ್ಣು, ಗೆಡ್ಡೆ, ಜೇನು. ನುಯೆರ್ ಎಂಬ ಇನ್ನೊಂದು ಜನ ದನ ಸಾಕುವವರು. ಬೇಸಿಗೆ ಬಂತೆಂದರೆ ದನಗಳನ್ನು ಹೊಳೆಯಂಚಿನ ಹುಲ್ಲಿಗೆ ಹೊಡೆದುಕೊಂಡು ಬರುತ್ತಾರೆ. ಇದಾವುದೂ ಗೊತ್ತಿಲ್ಲದವನು ಜೀಪಿನಲ್ಲಿ ಹೋಗಿ ನೋಡಿದರೆ ಏನು ಕಾಣುತ್ತದೆ? ಹುಲ್ಲು, ಪೊದೆ, ದೂರದಲ್ಲೆಲ್ಲೋ ಒಂದೆರಡು ಗುಡಿಸಲು. ಅವನು ಸುಳ್ಳು ಹೇಳುತ್ತಿಲ್ಲ. ಅವನ ಕಣ್ಣಿಗೆ ಅದು ಖಾಲಿಯೇ.

ಇಥಿಯೋಪಿಯಾದ 1995ರ ಸಂವಿಧಾನದ ಪ್ರಕಾರ ನೆಲ ಸರ್ಕಾರದ್ದು ಮತ್ತು ಅಲ್ಲಿನ ಜನರದ್ದು, ಅದನ್ನು ಮಾರುವಂತಿಲ್ಲ. ಓದಲು ಎಷ್ಟು ಚೆನ್ನಾಗಿದೆ! ಆದರೆ ಗುತ್ತಿಗೆಯ ಕಾಗದಕ್ಕೆ ಬಿದ್ದದ್ದು ಸರ್ಕಾರದ ಸಹಿ.

ಅದೇ ಕಾಲಕ್ಕೆ ಸರ್ಕಾರ ಅಲ್ಲಿ ಚದುರಿ ಬದುಕುವ ಜನರನ್ನು ಒಂದೆಡೆ ಸೇರಿಸಿ ಹೊಸ ಹಳ್ಳಿಗಳನ್ನು ಕಟ್ಟುವ ಕಾರ್ಯಕ್ರಮ ಶುರುಮಾಡಿತು. ಸುಮಾರು 70,000 ಜನರನ್ನು ಬಲವಂತವಾಗಿ ಎಬ್ಬಿಸಲಾಗುತ್ತಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ 2012ರ ಜನವರಿಯಲ್ಲಿ ವರದಿ ಕೊಟ್ಟಿತು. ಇಲ್ಲ, ಜನ ತಾವಾಗಿಯೇ ಬರುತ್ತಿದ್ದಾರೆ, ಶಾಲೆ, ಆಸ್ಪತ್ರೆ, ನೀರು ಕೊಡುವುದಕ್ಕಾಗಿ ಇದು, ಗುತ್ತಿಗೆಗೂ ಇದಕ್ಕೂ ಸಂಬಂಧವಿಲ್ಲ ಎಂದಿತು ಸರ್ಕಾರ.

ಇನ್ನೊಂದು ಪಕ್ಕವನ್ನೂ ನೋಡಬೇಕು. 1984-85ರ ಬರದಲ್ಲಿ ಇಥಿಯೋಪಿಯಾದ ಮಕ್ಕಳ ಎಲುಬುಗೂಡಿನ ಚಿತ್ರಗಳನ್ನು ನಮ್ಮ ವಯಸ್ಸಿನವರು ಯಾರೂ ಮರೆತಿರಲಾರರು. ಅಂಥ ದೇಶ ಟ್ರ್ಯಾಕ್ಟರು ಬರಲಿ, ಬಂಡವಾಳ ಬರಲಿ, ನಮ್ಮವರಿಗೂ ಕೂಲಿ ಸಿಗಲಿ ಎಂದರೆ ತಪ್ಪೇನು? 2008ರಲ್ಲಿ ಅಕ್ಕಿ, ಗೋಧಿಯ ಬೆಲೆ ಪ್ರಪಂಚವೆಲ್ಲ ಏರಿದಾಗ ದುಡ್ಡಿದ್ದ ದೇಶಗಳೂ ಕಂಪನಿಗಳೂ ಪರದೇಶದಲ್ಲಿ ನೆಲ ಹುಡುಕಿ ಹೊರಟವು. ಕೊರಿಯಾದ ದೇವೂ ಕಂಪನಿ ಮಡಗಾಸ್ಕರಿನಲ್ಲಿ 13 ಲಕ್ಷ ಹೆಕ್ಟೇರನ್ನು 99 ವರ್ಷಕ್ಕೆ ಕೇಳಿತ್ತು. ಅಲ್ಲಿ ಜನ ಸಿಟ್ಟಿಗೆದ್ದರು. 2009ರಲ್ಲಿ ಸರ್ಕಾರವೇ ಉರುಳಿತು, ಹೊಸದಾಗಿ ಬಂದವರು ಆ ಮಾತುಕತೆಯನ್ನು ರದ್ದು ಮಾಡಿದರು. ಹಸಿವಿನ ಹೆದರಿಕೆ ಸುಳ್ಳಲ್ಲ. ಆದರೆ ಒಬ್ಬರ ಹಸಿವಿನ ಹೆದರಿಕೆ ಇನ್ನೊಬ್ಬರ ಅನ್ನದ ತಟ್ಟೆಯ ಮೇಲೆ ಹೋಗಿ ಕೂತುಕೊಂಡಿತು.

ಗಂಬೆಲ್ಲಾದಲ್ಲಿ ಕೊನೆಗೆ ಆದದ್ದೇನು? 2011ರಲ್ಲಿ ಬಾರೋ ಉಕ್ಕಿ ಬಂದು ಕಂಪನಿಯ ಮೆಕ್ಕೆಜೋಳ ನೀರಿನಡಿ ಹೋಯಿತು. ಆ ಹೊಳೆ ಯಾವಾಗ ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿದ ಜನ ಅಲ್ಲಿಯೇ ಇದ್ದರು. 2015ರ ಡಿಸೆಂಬರಿನಲ್ಲಿ, ಒಂದು ಲಕ್ಷದಲ್ಲಿ 1,200 ಹೆಕ್ಟೇರ್ ಮಾತ್ರ ಸಾಗು ಮಾಡಿದ್ದೀರಿ ಎಂದು ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿತು. ಕಂಪನಿ ಅದನ್ನು ಒಪ್ಪಲಿಲ್ಲ. ರದ್ದಿಗೇನೋ ಒಂದು ಕಾಗದ ಸಾಕು. ಆದರೆ ಕಡಿದ ಕಾಡು, ಬಿಟ್ಟು ಹೋದ ಊರು ಕಾಗದದಿಂದ ತಿರುಗಿ ಬರುವುದಿಲ್ಲ.

ಇದನ್ನೆಲ್ಲ ಯೋಚಿಸುವಾಗ ನನ್ನನ್ನು ಕಾಡುವ ಪ್ರಶ್ನೆ ಒಂದೇ. ಇಲ್ಲಿ ತಪ್ಪು ನಿಜವಾಗಿ ಎಲ್ಲಿದೆ? ಬಾಡಿಗೆ ಕಮ್ಮಿಯಾದದ್ದರಲ್ಲೇ? ಇಪ್ಪತ್ತರ ಬದಲು ಎರಡು ಸಾವಿರ ಬಿರ್ ಕೊಟ್ಟಿದ್ದರೆ ಸರಿಯಾಗುತ್ತಿತ್ತೇ? ಬೆಳೆ ಕೈಕೊಟ್ಟದ್ದರಲ್ಲೇ? ಹೊಳೆ ಉಕ್ಕದೆ, ಕಣಜ ತುಂಬಿದ್ದರೆ ಎಲ್ಲವೂ ನ್ಯಾಯವೇ? ನನಗೆ ಹಾಗೆನ್ನಿಸುವುದಿಲ್ಲ. ತಪ್ಪು ಅದಕ್ಕೆ ಬಹಳ ಮುಂಚೆ, 'ಖಾಲಿ' ಎನ್ನುವ ಮಾತಿನಲ್ಲೇ ಶುರುವಾಯಿತು. ಯಾರೋ ಇದ್ದಾರೆ ಎಂದು ಗೊತ್ತಿದ್ದರೆ ಕೇಳಬೇಕಾಗುತ್ತದೆ. ಖಾಲಿ ಎಂದುಬಿಟ್ಟರೆ ಯಾರನ್ನೂ ಕೇಳಬೇಕಿಲ್ಲ. ಕೇಳಿದರೂ, ಎದುರಿನವರಿಗೆ 'ಬೇಡ' ಎನ್ನುವ ಹಕ್ಕಿಲ್ಲದಿದ್ದರೆ ಅದು ಕೇಳುವುದಲ್ಲ, ತಿಳಿಸುವುದು.

ಇದು ಹೆಂಗಸರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಬ್ಯಾಂಕಿನ ಫಾರಂ ತುಂಬುವಾಗ 'ಉದ್ಯೋಗ' ಎಂಬಲ್ಲಿ ನಾವೇ "ಏನಿಲ್ಲ, ಮನೇಲೇ ಇರೋದು" ಎನ್ನುತ್ತೇವಲ್ಲ! "ಮಧ್ಯಾಹ್ನ ಖಾಲಿ ಕೂತಿರ್ತೀಯಲ್ಲ" ಎನ್ನುತ್ತಾ ನನ್ನ ಮಧ್ಯಾಹ್ನಗಳನ್ನು ನನ್ನನ್ನು ಕೇಳದೆ ಗುತ್ತಿಗೆ ಕೊಟ್ಟವರು ಎಷ್ಟು ಜನ! ಹಪ್ಪಳ ಒಣಗಿದ್ದು, ಅತ್ತೆಯವರ ಮಾತ್ರೆಯ ಹೊತ್ತು ತಪ್ಪದಿದ್ದದ್ದು, ಮಗುವಿನ ಯೂನಿಫಾರಮಿನ ಗುಂಡಿ ಇದ್ದಲ್ಲೇ ಇದ್ದದ್ದು, ಎಲ್ಲಾ ಆ ಖಾಲಿ ಹೊತ್ತಿನಲ್ಲೇ. ಬೀಳು ನೆಲವೂ ಹಾಗೆಯೇ, ಸುಮ್ಮನೆ ಬಿದ್ದುಕೊಂಡೇ ಕೆಲಸ ಮಾಡುತ್ತಿರುತ್ತದೆ.

"ಸಹಿ ಆಮೇಲೆ. ಮೊದಲು ಊರಿಗೆ ಬಂದು ಹೊಲ ನೋಡ್ತೀನಿ" ಎಂದೆ. ಅಣ್ಣನಿಗೆ ಕೋಪ ಬಂತು. ಆದರೂ ಮುಂದಿನ ವಾರ ಹೋದೆ. ಆರು ಎಕರೆಯ ತುಂಬ ತಂಗಡಿ ಗಿಡ, ಕಾರೆ ಮುಳ್ಳು, ಒಣ ಹುಲ್ಲು. ಅಲ್ಲೊಬ್ಬ ವಯಸ್ಸಾದ ಹೆಂಗಸು ಕುರಿ ಮೇಯಿಸುತ್ತಿದ್ದಳು. ನಮ್ಮ ಅವ್ವನ ಕಾಲದಿಂದ ಅವಳ ಮನೆಯವರು ಅಲ್ಲಿ ಮೇಯಿಸುತ್ತಿದ್ದಾರೆ; ಅವ್ವನಿಗೆ ಪೊರಕೆಗೆ ಹುಲ್ಲುಕಡ್ಡಿ ತಂದುಕೊಡುತ್ತಿದ್ದವರೂ ಅವರೇ. ವಿಷಯ ಹೇಳಿದೆ. "ನಿಮ್ಮ ಹೊಲ ತಾಯಿ, ನಾವೇನ್ ಹೇಳಾಕೆ ಆಯ್ತದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಬೇಲಿ ಹಾಕ್ತಾರೇನು? ಕೆರೆಗೆ ಕುರಿ ಹೊಡ್ಕಂಡು ಹೋಗಾ ದಾರಿ ಇದೇಯ" ಎಂದಳು. ಫೈಲಿನಲ್ಲಿ ನಕ್ಷೆ ಇತ್ತು, ಸರ್ವೆ ನಂಬರು ಇತ್ತು. ದಾರಿ ಇರಲಿಲ್ಲ.

ಸಂಜೆ ಅಣ್ಣನಿಗೆ ಅದನ್ನೇ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವಳನ್ನ ಕೇಳಿದೆ, ಒಳ್ಳೇದಾಯ್ತು. ನನ್ನನ್ನ ಯಾವತ್ತಾದ್ರೂ ಕೇಳಿದ್ದೀಯಾ?" ಎಂದ. ಎರಡು ವರ್ಷ ಮಳೆಯಿಲ್ಲ, ಮಗನ ಕಾಲೇಜಿನ ಫೀಸಿಗೆ ಅತ್ತಿಗೆಯ ಬಳೆ ಗಿರವಿಯಲ್ಲಿದೆ ಎಂದು ತಿಳಿದದ್ದು ಆಗಲೇ. ಪಟ್ಟಣದಲ್ಲಿ ಕೂತು ಅಕ್ಕಿ ಕೊಂಡು ತಿನ್ನುವ ನನಗೆ ಸಹಿ ಹಾಕದಿದ್ದರೂ ಕಳೆಯುವುದು ಏನಿಲ್ಲ. ನನ್ನ ನ್ಯಾಯದ ಖರ್ಚು ಬೀಳುವುದು ಅವನ ಮೇಲೆ. ಕುರಿಯವಳು ನನಗೆ ಕಂಡಳು, ಒಡಹುಟ್ಟಿದವನು ಕಂಡಿರಲಿಲ್ಲ. ತಲೆ ತಗ್ಗಿಸಿದೆ.

ಅತ್ತಿಗೆಯ ಬಳೆ ಬಿಡಿಸಿಕೊಂಡು ಬಂದದ್ದಾಯಿತು. ಹೊಲದ ಮಾತು ಮಾತ್ರ ಇನ್ನೂ ಮುಗಿದಿಲ್ಲ. ದಾರಿ, ಅದರ ಪಕ್ಕದ ಎರಡು ಎಕರೆ ಬಿಟ್ಟು ಉಳಿದದ್ದನ್ನು ಕೊಡುತ್ತೇವೆ ಎಂದು ಅಣ್ಣನೂ ನಾನೂ ಸೇರಿ ಹೇಳಿ ಕಳಿಸಿದ್ದೇವೆ. ಕಂಪನಿಯವರು ಒಪ್ಪಬಹುದು, ಬಿಟ್ಟೂ ಹೋಗಬಹುದು. ಹೋದರೆ ಆ ನಷ್ಟದಲ್ಲಿ ನನ್ನ ಪಾಲೆಷ್ಟು ಎಂದು ಅಣ್ಣನ ಜೊತೆ ಕೂತು ಲೆಕ್ಕ ಹಾಕಬೇಕು. ಕರಡು ಕಾಗದದಲ್ಲಿ 'ಖಾಲಿ ಜಮೀನು' ಎಂದು ಟೈಪಾಗಿದ್ದ ಕಡೆ ಗೆರೆ ಎಳೆದು, ಮೇಲೆ ನನ್ನ ಕೈಯಲ್ಲೇ ಬರೆದಿದ್ದೇನೆ: 'ಕುರಿ ಮೇಯುವ ಹೊಲ. ಕೆರೆಗೆ ದಾರಿ ಇದೆ.'